ಗುರುದತ್ (1925–1964): ಬೆಳಕು ಮತ್ತು ದನಿಯ ಮೂಲಕ ಕಥೆ ಹೇಳಿದ ನಿರ್ದೇಶಕ

ಭಾರತೀಯ ಚಲನಚಿತ್ರರಂಗದ ಶ್ರೇಷ್ಠ ನಿರ್ದೇಶಕರಲ್ಲಿ ಒಬ್ಬರಾದ ಗುರುದತ್ ಅವರು 1925ರ ಜುಲೈ 9ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಶಿವಶಂಕರರಾವ್ ಪಡುಕೋಣೆ, ತಾಯಿ ವಾಸಂತಿ ಪಡುಕೋಣೆ. ಬಾಲ್ಯದ ಬಹುಭಾಗವನ್ನು ಕಲ್ಕತ್ತೆಯಲ್ಲಿ ಕಳೆದ ಅವರು, ಅಲ್ಮೋರಾದಲ್ಲಿದ್ದ ಉದಯಶಂಕರ್ ಅವರ ಕಲಾಕೇಂದ್ರದಲ್ಲಿ ನೃತ್ಯ ಕಲಿತು, 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸೇರಿದರು.

ಮೈಸೂರಿನ ಛಾಯಾಗ್ರಾಹಕ

1951ರಲ್ಲಿ ತೆರೆಕಂಡ ‘ಬಾಜಿ’ ಗುರುದತ್ ನಿರ್ದೇಶನದ ಮೊದಲ ಚಿತ್ರ. ಅದರಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದ ಮೈಸೂರಿನ ವಿ.ಕೆ. ಮೂರ್ತಿಯವರ ಪ್ರತಿಭೆಯನ್ನು ಗುರುತಿಸಿ, 1952ರ ‘ಜಾಲ್’ ಚಿತ್ರದ ಛಾಯಾಗ್ರಹಣದ ಹೊಣೆಯನ್ನು ಅವರಿಗೆ ವಹಿಸಿದರು. ಮಾತಿನಲ್ಲಿ ಹೇಳಬೇಕಾದುದನ್ನು ಮುಖದ ಸಮೀಪ ಚಿತ್ರಣ, ನೆರಳು-ಬೆಳಕು ಹಾಗೂ ಕ್ಯಾಮೆರಾ ಚಲನೆಗಳಿಂದ ಹೇಳುವ ಶೈಲಿಯು ಇವರಿಬ್ಬರ ಸಹಯೋಗದಲ್ಲಿ ರೂಪುಗೊಂಡಿತು.

ಪ್ಯಾಸಾ

1957ರ ‘ಪ್ಯಾಸಾ’ ಚಿತ್ರದಲ್ಲಿ ವೇಶ್ಯಾಗೃಹದ ಒಂದು ದೃಶ್ಯವಿದೆ. ಹೆಣ್ಣೊಬ್ಬಳು ನರ್ತಿಸುತ್ತಿರುವಾಗಲೇ ಒಳಗಿನಿಂದ ಅವಳ ಅಸ್ವಸ್ಥ ಮಗುವಿನ ಅಳು ಕೇಳಿಬರುತ್ತದೆ. ಗೆಜ್ಜೆಯ ಸದ್ದು ಮತ್ತು ಮಗುವಿನ ಅಳು ಒಂದಕ್ಕೊಂದು ಎದುರಾದಾಗ, ಆಕೆಯ ಅಸಹಾಯಕತೆಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಚಿತ್ರದ ಕೊನೆಯ ಭಾಗದಲ್ಲಿ, ಮೃತನೆಂದು ತಿಳಿದ ಕವಿಯ ಸ್ಮರಣಸಭೆಗೆ ಆತನೇ ಬರುತ್ತಾನೆ. ಹಿಂಬದಿಯ ಬೆಳಕಿನಿಂದ ಆತ ಬಾಗಿಲಲ್ಲಿ ಕಪ್ಪು ಆಕೃತಿಯಂತೆ ಕಾಣುತ್ತಾನೆ. ಮೆಲುದನಿಯಲ್ಲಿ ಆರಂಭವಾಗುವ ಆತನ ಹಾಡು ಕ್ರಮೇಣ ಏರಿ ಸಭಾಂಗಣವನ್ನು ತುಂಬುತ್ತದೆ. 2005ರಲ್ಲಿ ‘ಟೈಮ್’ ಪತ್ರಿಕೆಯು ಈ ಕೃತಿಯನ್ನು ಸಾರ್ವಕಾಲಿಕ 100 ಉತ್ತಮ ಚಿತ್ರಗಳ ಪಟ್ಟಿಯಲ್ಲಿ ಸೇರಿಸಿತು.

ಕಾಗಜ್ ಕೆ ಫೂಲ್

1959ರಲ್ಲಿ ತೆರೆಕಂಡ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾಗಿದೆ. ವೈಭವವನ್ನು ತೋರಲು ಬಳಕೆಯಾಗುತ್ತಿದ್ದ ಅಗಲವಾದ ತೆರೆಯನ್ನು ಗುರುದತ್ ಅವರು ಒಂಟಿತನವನ್ನು ತೋರಲು ಬಳಸಿದರು. ಬರಿದಾದ ಸ್ಟುಡಿಯೋದಲ್ಲಿ ಇಬ್ಬರು ದೂರ ದೂರ ನಿಂತಿರುವ ಹಾಡಿನ ದೃಶ್ಯಕ್ಕಾಗಿ ಮೂರ್ತಿಯವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಪ್ರತಿಫಲಿಸಿ ಒಳಗೆ ಬೆಳಕಿನ ಕೋಲೊಂದನ್ನು ಮೂಡಿಸಿದರು. ಗೀತಾ ದತ್ ಅವರ ದನಿ ಕೇಳಿಬರುತ್ತದೆ. ಆದರೆ ಪಾತ್ರಗಳ ತುಟಿಗಳು ಅಲುಗುವುದಿಲ್ಲ. ಇದರಿಂದ ಹಾಡು ಸಂಭಾಷಣೆಯಾಗದೆ, ಇಬ್ಬರೂ ಆಡಲಾರದ ಮಾತಾಗುತ್ತದೆ. ಈ ಚಿತ್ರಕ್ಕಾಗಿ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು.

ಕೊನೆಯ ವರ್ಷಗಳು

ಇಂದು ಛಾಯಾಗ್ರಹಣದ ಪಾಠದಂತಿರುವ ಈ ಚಿತ್ರವನ್ನು ಅಂದಿನ ಪ್ರೇಕ್ಷಕರು ಸ್ವೀಕರಿಸಲಿಲ್ಲ. ಈ ಸೋಲಿನ ತರುವಾಯ ಗುರುದತ್ ಅವರು ತಮ್ಮ ಹೆಸರಿನಲ್ಲಿ ಮತ್ತಾವ ಚಿತ್ರವನ್ನೂ ನಿರ್ದೇಶಿಸಲಿಲ್ಲ. ನಿರ್ಮಾಪಕರಾಗಿ ಹಾಗೂ ನಟರಾಗಿ ‘ಚೌದವೀ ಕಾ ಚಾಂದ್’ (1960), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರಗಳನ್ನು ನೀಡಿ, 1964ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ತಮ್ಮ 39ನೆಯ ವಯಸ್ಸಿನಲ್ಲಿ ನಿಧನರಾದರು.

ವಿ.ಕೆ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಈ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. ಬೆಂಗಳೂರಿನಲ್ಲಿ ಜನಿಸಿದ ನಿರ್ದೇಶಕ ಹಾಗೂ ಮೈಸೂರಿನ ಛಾಯಾಗ್ರಾಹಕ ಕೂಡಿ ರೂಪಿಸಿದ ಈ ಚಿತ್ರಗಳು, ಬೆಳಕು ಮತ್ತು ದನಿ ಕಥೆಯ ಅಲಂಕಾರವಲ್ಲ, ಅದರ ಅರ್ಥವೇ ಆಗಬಲ್ಲವು ಎಂಬುದಕ್ಕೆ ನಿದರ್ಶನವಾಗಿವೆ.