ಮಧ್ಯಾಹ್ನದ ಊಟ ಮತ್ತು ಕಾಮರಾಜ ನಾಡಾರರು

ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಎರಡೂವರೆ ವರ್ಷ ನಮ್ಮ ಹಿರಿಯರಿಗೂ ಮುಖ್ಯಮಂತ್ರಿಗಳಾಗಿದ್ದವರು ಮದ್ರಾಸಿನ ಶ್ರೀ ಕಾಮರಾಜ ನಾಡಾರರು. ನಮ್ಮ ಕಡೆ ಅವರನ್ನು ನೆನೆಯುವವರು ಕಡಿಮೆ. ನೆನೆದರೂ ಕಾಂಗ್ರೆಸ್ ಅಧ್ಯಕ್ಷರೆಂದು, ಪ್ರಧಾನಿಗಳ ಆಯ್ಕೆಯಲ್ಲಿ ಕೈಯಿದ್ದವರೆಂದು ನೆನೆಯುತ್ತಾರೆ. ಶಾಲೆಯಲ್ಲಿ ಪಾಠ ಹೇಳುವ ನಮಗೆ ಅವರು ಬೇಕಾಗುವುದು ಬೇರೆ ಕಾರಣಕ್ಕೆ.

1903ರ ಜುಲೈ 15ರಂದು ವಿರುದುನಗರದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಹನ್ನೆರಡರ ಆಸುಪಾಸಿನಲ್ಲಿ ಓದು ನಿಂತಿತು. ಸೋದರಮಾವನ ಜವಳಿ ಅಂಗಡಿಯಲ್ಲಿ ದುಡಿಮೆ ಮೊದಲಾಯಿತು. ಮುಂದೆ ಕಾಂಗ್ರೆಸ್ಸು, 1930ರ ಉಪ್ಪಿನ ಸತ್ಯಾಗ್ರಹ, ಹಲವು ವರ್ಷಗಳ ಸೆರೆವಾಸ. ಮದುವೆಯಾಗಲಿಲ್ಲ.

1954ರ ಏಪ್ರಿಲಿನಲ್ಲಿ ಮುಖ್ಯಮಂತ್ರಿಯಾದರು. ರಾಜಾಜಿಯವರ ಕಾಲದಲ್ಲಿ ಬಂದಿದ್ದ, ಅರ್ಧ ದಿನ ಶಾಲೆ ಅರ್ಧ ದಿನ ಮನೆಕಸುಬು ಎಂಬ ಪದ್ಧತಿಯನ್ನು ಮುಂದಿನ ತಿಂಗಳೇ ಕೈಬಿಡಲಾಯಿತು. ಮುಚ್ಚಿದ್ದ ಶಾಲೆಗಳು ಮತ್ತೆ ತೆರೆದವು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರುತ್ತಾರೆಯೇ? ದನ ಮೇಯಿಸುತ್ತಿದ್ದ ಹುಡುಗನೊಬ್ಬ ಶಾಲೆಗೆ ಬಂದರೆ ಊಟ ಯಾರು ಕೊಡುತ್ತಾರೆಂದು ಮುಖ್ಯಮಂತ್ರಿಗಳನ್ನೇ ಕೇಳಿದನೆಂಬ ಕಥೆ ತಮಿಳುನಾಡಿನಲ್ಲಿ ಇಂದಿಗೂ ಪ್ರಚಲಿತ. ಕಥೆ ಹೇಗೇ ಇರಲಿ, ಪ್ರಶ್ನೆ ನಿಜವಾದದ್ದು.

1956ರಲ್ಲಿ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಆರಂಭವಾಯಿತು. ಮದ್ರಾಸು ನಗರಸಭೆ 1920ರಲ್ಲೇ ಒಂದು ಶಾಲೆಯಲ್ಲಿ ಇಂತಹ ಪ್ರಯತ್ನ ಮಾಡಿತ್ತು. ಹಣದ ಕೊರತೆಯಿಂದ ಅದು ಬಾಳಲಿಲ್ಲ. ಕಾಮರಾಜರು ಊರವರ ಅಕ್ಕಿ, ತರಕಾರಿ, ದೇಣಿಗೆಗಳಿಂದ ಶುರುಮಾಡಿಸಿ ಸರಕಾರದ ಹಣವನ್ನೂ ಸೇರಿಸಿದರು. ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಸುಂದರವಡಿವೇಲು ಅವರ ಬಲಗೈಯಾಗಿ ನಿಂತರು.

ಊಟ ಬಡ ಮಕ್ಕಳಿಗೆಂದಿತ್ತು. ಬಡವರು ಯಾರೆಂದು ಗುರುತಿಸುವುದೇ ತೊಡಕು. ಅಮೇರಿಕದಲ್ಲಿ ಮನೆಯ ವರಮಾನ ನೋಡಿ ಕೆಲವರಿಗೆ ಉಚಿತವಾಗಿ, ಕೆಲವರಿಗೆ ರಿಯಾಯಿತಿ ದರದಲ್ಲಿ ಶಾಲೆಯ ಊಟ ಕೊಡುತ್ತಾರೆ. ಅಂತಹ ಮಕ್ಕಳೆಷ್ಟೆಂದು ಎಣಿಸಿ ಆ ಶಾಲೆಯ ಬಡತನವನ್ನು ಅಳೆಯುವುದು ಅಲ್ಲಿ ಬಹುಕಾಲದ ರೂಢಿ. ಲೆಕ್ಕ ಸುಲಭ, ಆದರೆ ಪೂರ್ತಿ ನಂಬುವಂತಹದಲ್ಲ. ಬುತ್ತಿ ತಾರದ ಹುಡುಗ ಹಸಿವಿಲ್ಲವೆಂದು ಹೇಳಿ ಬಾವಿಕಟ್ಟೆಗೆ ಹೋಗಿ ನೀರು ಕುಡಿದು ಬರುವುದನ್ನು ಮಾಸ್ತರರಾದವರೆಲ್ಲ ಬಲ್ಲರು. ಮಾನಕ್ಕೆ ಅಂಜಿ ಪಂಕ್ತಿಯಲ್ಲಿ ಕೂರದ ಅಂತಹವನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕಾಮರಾಜರು ಇದನ್ನು ಬಲ್ಲವರೆಂದೇ ನಮ್ಮ ಎಣಿಕೆ. ಪ್ರೌಢಶಾಲೆಯ ಶುಲ್ಕದ ವಿಷಯದಲ್ಲಿ ಮೊದಲು ವರಮಾನದ ಮಿತಿಯಿಟ್ಟು ಬಡವರಿಗೆ ಮಾಫಿ ಕೊಟ್ಟ ಅವರ ಸರಕಾರ, ಅನಂತರ ಆ ಮಿತಿಯನ್ನೇ ತೆಗೆದುಹಾಕಿತು. ಒಂದೇ ಬಗೆಯ ಉಡುಪು ಬಂದದ್ದೂ ಆ ಕಾಲದಲ್ಲೇ. ಊಟದ ಯೋಜನೆಯನ್ನು 1982ರಲ್ಲಿ ಎಂ. ಜಿ. ರಾಮಚಂದ್ರನ್ ಬಹುವಾಗಿ ವಿಸ್ತರಿಸಿದರು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲೆಲ್ಲ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು.

ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಾವು ಇತ್ತ ಬಂದೆವು; ಹೊಸೂರು, ತಾಳವಾಡಿಗಳ ಕನ್ನಡ ಮನೆಗಳು ಮದ್ರಾಸಿನಲ್ಲೇ ಉಳಿದವು. ಅವರಿಗೆ 1963ರ ಅಕ್ಟೋಬರಿನವರೆಗೂ ಕಾಮರಾಜರೇ ಮುಖ್ಯಮಂತ್ರಿ. ಅಂದು ಪಕ್ಷದ ಕೆಲಸಕ್ಕೆಂದು ತಾವಾಗಿ ಪದವಿ ಬಿಟ್ಟರು. 1967ರ ಚುನಾವಣೆಯಲ್ಲಿ ಹುಟ್ಟೂರಿನಲ್ಲೇ ಸೋತರು. ಸೋಲಿಸಿದವನು ಒಬ್ಬ ವಿದ್ಯಾರ್ಥಿ ಮುಖಂಡ! 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ತೀರಿಕೊಂಡರು. ಮರುವರ್ಷ ಭಾರತರತ್ನ ಬಂತು.