ಲಿಂಗೈಕ್ಯ ಸರ್ ಸಿದ್ದಪ್ಪ ಕಂಬಳಿಯವರು

ಸರ್ ಸಿದ್ದಪ್ಪ ತೋಟಪ್ಪ ಕಂಬಳಿಯವರು 1882ರಲ್ಲಿ ಹುಬ್ಬಳ್ಳಿಯ ಲಿಂಗಾಯತ ಮನೆತನವೊಂದರಲ್ಲಿ ಜನ್ಮವೆತ್ತಿದರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಕಾಯದೆಯ ಪದವಿಯನ್ನು ಪಡೆದು, ಹುಟ್ಟೂರಿನಲ್ಲಿಯೇ ವಕೀಲಿಯನ್ನು ಕೈಕೊಂಡರು. ಪುರಸಭೆಯ ಅಧ್ಯಕ್ಷತೆಯನ್ನೂ ವಹಿಸಿದರು.

ಅವರ ಮುಂದಿನ ಬಾಳನ್ನು ತಿಳಿಯಬೇಕಾದರೆ ಅಂದಿನ ಚುನಾವಣೆಯ ಸ್ವರೂಪವನ್ನು ವಾಚಕರು ಅರಿತಿರಬೇಕು. 1919ರ ಕಾಯದೆಗೆ ಮೊದಲು ನಮ್ಮ ಸಾಮಾನ್ಯ ರೈತನಿಗೆ ಮುಂಬಯಿ ಕಾಯದೆ ಕೌನ್ಸಿಲಿಗೆ ನೇರವಾಗಿ ಮತ ಕೊಡುವ ಮಾರ್ಗವೇ ಇದ್ದಿಲ್ಲ. ಪುರಸಭೆ, ಲೋಕಲ್ ಬೋರ್ಡುಗಳ ಸದಸ್ಯರೇ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. 1920ರ ಚುನಾವಣೆಯಲ್ಲಿ, ಸಾಲಿಯಾನ 32 ರೂಪಾಯಿ ಕಂದಾಯದ ಹೊಲವುಳ್ಳವನಿಗೆ ಮತ ದೊರೆಯಿತು. ಬಡ ಒಕ್ಕಲಿಗನೂ ಕೂಲಿಕಾರನೂ ಹೊರಗೇ ಉಳಿದರು. ಹೆಂಗಸರಿಗೆ 1921ರಲ್ಲಿ ಅವಕಾಶವಾಯಿತಾದರೂ, ಹೊಲಮನೆ ತಮ್ಮ ಹೆಸರಿನಲ್ಲಿದ್ದ ತಾಯಂದಿರೆಷ್ಟು ಮಂದಿ? ನೂರು ಜನರಲ್ಲಿ ಐವರಿಗೂ ಮತವಿದ್ದಿಲ್ಲ.

ಆ ಚುನಾವಣೆಯನ್ನು ಕಾಂಗ್ರೆಸ್ಸು ಬಹಿಷ್ಕರಿಸಿತು. ಬ್ರಾಹ್ಮಣೇತರ ಚಳವಳಿಯ ಧುರೀಣರು ಮಾತ್ರ, ಕಿರಿದಾದರೂ ತೆರೆದ ಬಾಗಿಲನ್ನು ಬಿಡಬಾರದೆಂದು ಬಗೆದರು. ಆ ಪಕ್ಷದವರಾದ ಕಂಬಳಿಯವರೂ ಕೌನ್ಸಿಲನ್ನು ಪ್ರವೇಶಿಸಿದರು. ಇಷ್ಟರಿಂದ ಅವರು ನಾಡಿನ ಕಾರ್ಯಕ್ಕೆ ವಿಮುಖರಾಗಿದ್ದರೆಂದು ಎಣಿಸುವುದು ಅನ್ಯಾಯ. 1924ರಲ್ಲಿ ಬೆಳಗಾವಿಯಲ್ಲಿ ಕೂಡಿದ ಪ್ರಥಮ ಕರ್ನಾಟಕ ಏಕೀಕರಣ ಪರಿಷತ್ತಿಗೆ ಅವರೇ ಅಧ್ಯಕ್ಷರು.

1930ರಲ್ಲಿ ಅವರು ಮಂತ್ರಿಗಳಾದರು. 1937ರ ವರೆಗೆ ವಿದ್ಯೆ, ಒಕ್ಕಲುತನ, ಅಬಕಾರಿ ಮುಂತಾದ ಖಾತೆಗಳನ್ನು ನಡೆಯಿಸಿದರು. ಇಲ್ಲಿಯೇ ಆ ದ್ವಿದಳ ಪದ್ಧತಿಯ ವಿಚಿತ್ರವನ್ನು ಕಾಣಬೇಕು. ರೈತನಿಗೆ ಮತವನ್ನು ತಂದುಕೊಟ್ಟದ್ದು ಭೂಕಂದಾಯ. ಆದರೆ ಅವನ ಮತದಿಂದ ಗೆದ್ದು ಮಂತ್ರಿಯಾದವನಿಗೆ ಆ ಕಂದಾಯದ ಮೇಲೆ ಅಧಿಕಾರವಿಲ್ಲ! ಕಂದಾಯ, ಪೋಲೀಸುಗಳು ಗವರ್ನರರ ಕಾದಿಟ್ಟ ಖಾತೆಗಳು. 1932ರ ಸುಮಾರಿಗೆ ಧಾರವಾಡ ಜಿಲ್ಲೆಯ ಹಿರೇಕೆರೂರು ತಾಲೂಕಿನಲ್ಲಿಯೂ, ಕಾರವಾರ ಜಿಲ್ಲೆಯ ಅಂಕೋಲೆ, ಸಿದ್ದಾಪುರಗಳಲ್ಲಿಯೂ ರೈತರು ಕರ ಕೊಡಲೊಲ್ಲೆವೆಂದು ನಿಂತು ಹೊಲಮನೆಗಳನ್ನು ಕಳೆದುಕೊಂಡರು. ಹೊಲ ಹೋದವನ ಮತವೂ ಹೋಯಿತು. ತಮ್ಮ ಜಿಲ್ಲೆಯ ಈ ಸಂಕಟವು ನಡೆದಾಗ ಕಂಬಳಿಯವರು ಮಂತ್ರಿಪದದಲ್ಲಿದ್ದರು. ಅದನ್ನು ನಿಲ್ಲಿಸುವ ಅಧಿಕಾರ ಅವರಿಗಿದ್ದಿಲ್ಲವೆಂಬುದು ನಿಜ. ಆ ಪೀಠದಲ್ಲಿ ಕುಳಿತಿರಬೇಕಾಗಿತ್ತೇ ಎಂಬ ಜನರ ಪ್ರಶ್ನೆಯೂ ಸುಳ್ಳಲ್ಲ. ಚರಿತ್ರಕಾರನು ಎರಡನ್ನೂ ಬರೆದಿಡತಕ್ಕದ್ದು.

1937ರ ಚುನಾವಣೆಗೆ 32ರ ಮಿತಿಯು 8 ರೂಪಾಯಿಗೆ ಇಳಿಯಿತು. ಮತದಾರರು ಹೆಚ್ಚಿದೊಡನೆ ಕಾಂಗ್ರೆಸ್ಸು ದೊಡ್ಡ ಪಕ್ಷವಾಯಿತು. ಏಪ್ರಿಲಿನಲ್ಲಿ ಏರ್ಪಟ್ಟ ಧನಜಿಶಾ ಕೂಪರರ ಅಲ್ಪಮತದ ಮಂತ್ರಿಮಂಡಲದಲ್ಲಿ ಕಂಬಳಿಯವರೂ ಇದ್ದರು. ಜುಲೈಯಲ್ಲಿ ಅದು ಖೇರರಿಗೆ ಸ್ಥಳ ಬಿಟ್ಟಿತು.

ಹೊಲವನ್ನೂ ಕಂದಾಯವನ್ನೂ ಕೇಳದೆ ಪ್ರಾಯಕ್ಕೆ ಬಂದವರೆಲ್ಲರೂ ಮತ ಕೊಟ್ಟ 1952ರ ಚುನಾವಣೆಯನ್ನೂ, 1956ರಲ್ಲಿ ಕನ್ನಡನಾಡು ಒಂದಾದುದನ್ನೂ ಕಂಡು, 1959ರಲ್ಲಿ ಅವರು ಲಿಂಗೈಕ್ಯರಾದರು.