ಲಾರ್ಡ್ ಕೆಲ್ವಿನ್ ಮತ್ತು ನೆಲದೊಳಗಿನ ಶಾಖ

ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು ಜೋಗೇಶ್ವರಿಯ ಗುಹೆಗಳನ್ನು ಕಂಡವರೇ. ಆರನೆಯ ಶತಮಾನದಲ್ಲಿ ಬಂಡೆಯನ್ನು ಕೊರೆದು ಮಾಡಿದ ಆ ಶಿವಾಲಯಕ್ಕೆ ಮೆಟ್ಟಿಲಿಳಿದು ಹೋಗಬೇಕು. ಮೇ ತಿಂಗಳ ನಡುಹಗಲಿನಲ್ಲಿ ತಗಡಿನ ಮಾಡಿನ ಕೆಳಗೆ ಬೆಂದವರು ಅಲ್ಲಿಗೆ ಹೋದರೆ ಮೈಗೆ ತಂಪೆನಿಸುತ್ತದೆ. ಬಿಸಿಲು ನೆಲದ ಮೇಲ್ಪದರವನ್ನು ಕಾಯಿಸಬಲ್ಲುದೇ ಹೊರತು ಆಳದ ಬಂಡೆಯನ್ನು ಬೇಗನೆ ಮುಟ್ಟಲಾರದು. ಶೀತದೇಶಗಳಲ್ಲಿ ಇದೇ ಸಂಗತಿ ತಿರುಗುಮುರುಗಾಗುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗಲೂ ನೆಲದ ಆಳವು ಗಾಳಿಗಿಂತ ಬೆಚ್ಚಗಿರುತ್ತದೆ. ಆ ಶಾಖವನ್ನು ಮೇಲೆತ್ತಿ ಮನೆಯನ್ನು ಕಾಯಿಸುವ ಹೀಟ್ ಪಂಪ್ ಎಂಬ ಯಂತ್ರವು ಸ್ವೀಡನ್, ಸ್ವಿಟ್ಜರ್ಲೆಂಡ್ ಮೊದಲಾದ ದೇಶಗಳ ಅಸಂಖ್ಯ ಮನೆಗಳಲ್ಲಿದೆ. ಅದರ ತತ್ತ್ವವನ್ನು ಲೆಕ್ಕ ಹಾಕಿ ತೋರಿಸಿದ ಲಾರ್ಡ್ ಕೆಲ್ವಿನ್ನರ ಜೀವನವನ್ನು ನಾವು ಇಲ್ಲಿ ಹೇಳಹೊರಟಿದ್ದೇವೆ.

ಅವರ ಮೊದಲ ಹೆಸರು ವಿಲಿಯಂ ಥಾಮ್ಸನ್. ಅವರು 1824ರ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ಬಾಲಕನಿಗೆ ಆರು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಂದೆ ಜೇಮ್ಸ್ ಥಾಮ್ಸನ್ನರು ಗಣಿತದ ಉಪಾಧ್ಯಾಯರು. ಅವರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಪದವಿ ದೊರೆತಾಗ ಸಂಸಾರವೆಲ್ಲ ಸಮುದ್ರ ದಾಟಿ ಬಂದಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ಉಪಾಧ್ಯಾಯರ ಪಾಡನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ವಿಲಿಯಂ ಹತ್ತನೆಯ ವಯಸ್ಸಿನಲ್ಲೇ ಆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾದನು. (ಆ ಕಾಲದಲ್ಲಿ ಅಲ್ಲಿ ಚಿಕ್ಕ ಹುಡುಗರಿಗೂ ಪ್ರವೇಶವಿತ್ತು; ನಮ್ಮ ಐದನೆಯ ತರಗತಿಯವರು ಇದನ್ನೋದಿ ಹೆದರಬಾರದು.)

ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮುಗಿಸಿ 1845ರಲ್ಲಿ ಪ್ಯಾರಿಸ್ಸಿಗೆ ಹೋದ ಥಾಮ್ಸನ್ನರು ಅಲ್ಲಿ ಒಂದು ಪುಸ್ತಕಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆದರು. ಅದು ಉಗಿಯಂತ್ರದ ತತ್ತ್ವವನ್ನು ಕುರಿತು ಸಾದಿ ಕಾರ್ನೋ ಎಂಬ ಫ್ರೆಂಚ್ ಎಂಜಿನಿಯರನು 1824ರಲ್ಲಿ ಪ್ರಕಟಿಸಿದ ಸಣ್ಣ ಗ್ರಂಥ. ಕರ್ತೃವು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. ವ್ಯಾಪಾರಿಗಳಿಗೆ ಅವನ ಹೆಸರೇ ಮರೆತುಹೋಗಿತ್ತು. ಗ್ರಂಥ ಕೈಸೇರಲು ಮತ್ತೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಥಾಮ್ಸನ್ನರು 22ನೆಯ ವಯಸ್ಸಿಗೇ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದರು. ಆ ಪೀಠದಲ್ಲಿ ಅವರು 1846ರಿಂದ 1899ರವರೆಗೆ, 53 ವರ್ಷ, ಕುಳಿತರು.

ಶಾಖವು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ತಾನಾಗಿ ಹರಿಯುತ್ತದೆ, ನೀರು ಇಳಿಜಾರಿಗೆ ಹರಿಯುವಂತೆ. ಹಾಗಾದರೆ ಬಾವಿಯ ನೀರನ್ನು ಸೇದುವಂತೆ ಶಾಖವನ್ನೂ ಕೆಲಸ ವ್ಯಯಿಸಿ ಮೇಲಕ್ಕೆ ಎತ್ತಬಹುದಲ್ಲವೆ? 1852ರಲ್ಲಿ ಗ್ಲಾಸ್ಗೋದ ವಿದ್ವತ್ಸಭೆಯ ಮುಂದೆ ಥಾಮ್ಸನ್ನರು ಇಂತಹ ಯಂತ್ರವೊಂದರ ಲೆಕ್ಕವನ್ನಿಟ್ಟರು. ಒಂದು ಸಿಲಿಂಡರಿನಲ್ಲಿ ಗಾಳಿಯನ್ನು ಹಿಗ್ಗಿಸಿ ತಣ್ಣಗಾಗಿಸುವುದು, ಅದು ಹೊರಗಿನ ಶಾಖವನ್ನು ಹೀರುವಂತೆ ಮಾಡುವುದು, ಇನ್ನೊಂದು ಸಿಲಿಂಡರಿನಲ್ಲಿ ಅದನ್ನು ಒತ್ತಿ ಬಿಸಿಮಾಡಿ ಮನೆಯೊಳಕ್ಕೆ ಬಿಡುವುದು. ಕಲ್ಲಿದ್ದಲನ್ನು ಒಲೆಯಲ್ಲಿ ನೇರವಾಗಿ ಉರಿಸುವುದಕ್ಕಿಂತ, ಅದರಿಂದ ಉಗಿಯಂತ್ರವನ್ನು ನಡೆಸಿ ಶಾಖವನ್ನೆತ್ತಿದರೆ ಮನೆಗೆ ಹೆಚ್ಚು ಬೆಚ್ಚನೆ ದೊರೆಯುವುದೆಂದು ಅವರು ತೋರಿಸಿದರು. ಅದೇ ಯಂತ್ರವನ್ನು ಬೇರೆ ರೀತಿಯಲ್ಲಿ ನಡೆಸಿದರೆ ಸೆಕೆಯ ದೇಶದ ಕಟ್ಟಡಗಳನ್ನು ತಂಪಾಗಿಸಬಹುದೆಂಬುದೂ ಅದರಲ್ಲಿತ್ತು. ಇದು ಕಟ್ಟುಕಥೆಯೆಂದು ತೋರಿದವರು ಸೋಡಾ ಅಂಗಡಿಯ ಫ್ರಿಜ್ಜಿನ ಹಿಂಬದಿಗೆ ಕೈ ಹಿಡಿದು ನೋಡಲಿ: ಒಳಗಿನ ಸೀಸೆಗಳಿಂದ ಹೊರಬಿದ್ದ ಶಾಖವೇ ಅಲ್ಲಿ ಕೈಗೆ ತಾಗುತ್ತದೆ.

ಇಂದಿನ ನೆಲದ ಪಂಪನ್ನು ಕೂರಿಸುವ ಬಗೆ ಹೀಗಿದೆ. ಅಂಗಳದಲ್ಲಿ ಸುಮಾರು ನೂರು ಮೀಟರ್ ಆಳದ ಕೊಳವೆಬಾವಿ ಕೊರೆದು, ಅಥವಾ ಆಳುದ್ದದ ಕಾಲುವೆ ತೋಡಿ, ಪ್ಲಾಸ್ಟಿಕ್ ಕೊಳವೆಯನ್ನಿಳಿಸುತ್ತಾರೆ. ಅದರಲ್ಲಿ ಹೆಪ್ಪುಗಟ್ಟದಂತೆ ಗ್ಲೈಕಾಲ್ ಬೆರೆಸಿದ ನೀರು ಸುತ್ತುತ್ತಿರುತ್ತದೆ. ಕೊಳವೆಯ ಎರಡು ತುದಿಗಳು ಗೋಡೆಯ ಮೂಲಕ ಮನೆಯೊಳಗೆ ಬಂದು ಫ್ರಿಜ್ಜಿನಷ್ಟಿರುವ ಪೆಟ್ಟಿಗೆಯನ್ನು ಸೇರುತ್ತವೆ. ಒಳಗಿನ ಬೆಚ್ಚನೆಯ ಗಾಳಿ ತಾಗಿ ಈ ತಣ್ಣನೆಯ ಕೊಳವೆಗಳು ಬೆವರಿ ನೀರು ತೊಟ್ಟಿಕ್ಕದಂತೆ ಅವುಗಳಿಗೆ ದಪ್ಪನೆಯ ಹೊದಿಕೆ ಸುತ್ತಬೇಕು. ಪೆಟ್ಟಿಗೆಯೊಳಗೆ ಬೇಗ ಆವಿಯಾಗುವ ದ್ರವವು ಆ ಶಾಖವನ್ನು ಹೀರುತ್ತದೆ. ಆವಿಯನ್ನು ಕಂಪ್ರೆಸರ್ ಒತ್ತಿದಾಗ ಅದು ಬಿಸಿಯೇರಿ, ಮನೆಯ ನೀರಿಗೆ ಶಾಖ ಕೊಟ್ಟು, ಮತ್ತೆ ದ್ರವವಾಗುತ್ತದೆ. ಆ ನೀರು ನೆಲಹಾಸಿನಡಿಯ ಕೊಳವೆಗಳಲ್ಲಿ ಹರಿಯುತ್ತದೆ. ಅಲ್ಲಿಗೆ 35 ಡಿಗ್ರಿಯಷ್ಟು ಬಿಸಿ ಸಾಕು; ಹೆಚ್ಚು ಬಿಸಿ ಬೇಡಿದಷ್ಟೂ ವಿದ್ಯುತ್ತು ಹೆಚ್ಚು ತಗಲುತ್ತದೆ. ಚೆನ್ನಾಗಿ ಜೋಡಿಸಿದ ಯಂತ್ರವು ಒಂದು ಪಾಲು ವಿದ್ಯುತ್ತಿಗೆ ಮೂರು ನಾಲ್ಕು ಪಾಲು ಶಾಖವನ್ನು ಕೊಡುತ್ತದೆ.

ಇನ್ನು ನೆಲದ ವಿಷಯ. ಎಡಿನ್‌ಬರೋದ ಕಾಲ್ಟನ್ ಗುಡ್ಡದ ಬಂಡೆಯಲ್ಲಿ ಫೋರ್ಬ್ಸ್ ಎಂಬ ಪ್ರಾಧ್ಯಾಪಕರು 1837ರಲ್ಲಿ ಉದ್ದನೆಯ ಉಷ್ಣಮಾಪಕಗಳನ್ನು ಹೂಳಿಸಿದ್ದರು. ಅವುಗಳಲ್ಲಿ ಅತ್ಯಂತ ಆಳದ್ದು ಸುಮಾರು 8 ಮೀಟರ್ ಕೆಳಗಿತ್ತು. ಅವನ್ನು ಓದಿ ಬರೆದಿಟ್ಟವರು ಯಾರೋ. 18 ವರ್ಷಗಳ ಆ ಅಂಕಿಗಳನ್ನು ಥಾಮ್ಸನ್ನರು 1860ರಲ್ಲಿ ಗಣಿತಕ್ಕೆ ಒಳಪಡಿಸಿದರು. ಆಳಕ್ಕೆ ಹೋದಂತೆ ಋತುಗಳ ಏರಿಳಿತ ಕುಗ್ಗುತ್ತದೆ, ತಡವಾಗಿಯೂ ಬರುತ್ತದೆ. ಬೇಸಿಗೆಯ ಬಿಸಿ ಆ ಕೆಳಗಿನ ಉಷ್ಣಮಾಪಕವನ್ನು ಮುಟ್ಟುವಾಗ ಮೇಲೆ ಚಳಿಗಾಲ! ಎಂದರೆ ಚಳಿಗೆ ಬೇಕಾದ ಶಾಖವನ್ನು ಪ್ರಕೃತಿಯೇ ಬೇಸಿಗೆಯಲ್ಲಿ ಕೂಡಿಟ್ಟಂತೆ. ಪಂಪು ಒಂದು ಕೈಯಲ್ಲಿ, ನೆಲದ ಲೆಕ್ಕ ಇನ್ನೊಂದು ಕೈಯಲ್ಲಿ ಇದ್ದರೂ ಅವರು ಎರಡನ್ನೂ ಜೋಡಿಸಲಿಲ್ಲ. ಅಗ್ಗದ ಕಲ್ಲಿದ್ದಲಿನ ನಾಡಿನಲ್ಲಿ ಅದರ ಅಗತ್ಯವೇ ಕಾಣದಿದ್ದಿರಬೇಕೆಂದು ನಮ್ಮ ಊಹೆ.

ಅವರ ಮನಸ್ಸು ಅಟ್ಲಾಂಟಿಕ್ ಸಾಗರದಡಿಯ ತಂತಿಯ ಕಡೆಗೆ ಹರಿದಿತ್ತು. 1858ರ ತಂತಿ ಕೆಲವೇ ವಾರಗಳಲ್ಲಿ ಕೆಟ್ಟಿತು. 1866ರಲ್ಲಿ ಕೆಲಸ ಕೈಗೂಡಿ ಸರ್ ಪದವಿ ಬಂದಿತು. 1892ರಲ್ಲಿ ಲಾರ್ಡ್ ಆದಾಗ, ವಿಶ್ವವಿದ್ಯಾನಿಲಯದ ಬಳಿ ಹರಿಯುವ ಕೆಲ್ವಿನ್ ಹೊಳೆಯ ಹೆಸರನ್ನು ಧರಿಸಿದರು. ನೆಲದ ಶಾಖವನ್ನೇ ಆಧರಿಸಿ ಭೂಮಿಯ ವಯಸ್ಸನ್ನೂ ಎಣಿಸಿದರು. ಆದರೆ ಅದು ತಪ್ಪಾಯಿತು. ಅವರು ಹೇಳಿದ ಕೆಲವು ಕೋಟಿ ವರ್ಷಗಳೆಲ್ಲಿ, ಇಂದು ತಿಳಿದಿರುವ 450 ಕೋಟಿಯೆಲ್ಲಿ! ಭೂವಿಜ್ಞಾನಿಗಳ ಆಕ್ಷೇಪಣೆಗಳಿಗೆ ಅವರು ಕೊನೆಯವರೆಗೂ ಮಣಿಯಲಿಲ್ಲ.

1907ರ ಡಿಸೆಂಬರ್ 17ರಂದು ನಿಧನರಾದ ಅವರನ್ನು ಲಂಡನ್ನಿನಲ್ಲಿ ನ್ಯೂಟನ್ನರ ಸಮಾಧಿಯ ಬಳಿ ಹೂಳಿದರು. ಪಂಪಿಗೆ ನೆಲದಿಂದ ಶಾಖ ತೆಗೆಯುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಹೈನ್ರಿಖ್ ಜೊಯೆಲಿ ಪೇಟೆಂಟ್ ಪಡೆದದ್ದು 1912ರಲ್ಲಿ.

ಬರುವ ಮೇ ರಜೆಯಲ್ಲಿ ಊರಿಗೆ ಹೋಗದೆ ಇಲ್ಲಿಯೇ ಉಳಿಯುವ ಮಕ್ಕಳಿಗೆ ನಾವು ಒಂದು ಉಷ್ಣಮಾಪಕವನ್ನು ಕೊಡುವವರಿದ್ದೇವೆ. ಗುಹೆಯ ಒಳಗೂ ಹೊರಗೂ ಓದಿ, ದಿನಾಂಕದೊಡನೆ ಬರೆದಿಡಬೇಕು. ಜನವರಿಯಲ್ಲಿ ಮತ್ತೊಮ್ಮೆ ಹೋಗೋಣ.